ಅಂಕಿತವಿಲ್ಲದ ಹಾಡುಗಳು

ಹರಿದಾಸರು ತಮ್ಮ ಪದಗಳ ಕೊನೆಗೆ ಅಂಕಿತವನ್ನಿರಿಸಿದರು. ‘ಪುರಂದರವಿಠಲ’ ಎಂದೊಡನೆ ಪುರಂದರದಾಸರು, ‘ಕಾಗಿನೆಲೆಯಾದಿಕೇಶವ’ ಎಂದೊಡನೆ ಕನಕದಾಸರು ನೆನಪಾಗುತ್ತಾರೆ. ಬಾಯಿಂದ ಬಾಯಿಗೆ ಸಾಗಿದರೂ ಕರ್ತೃವಿನ ಗುರುತು ಹಾಡಿನೊಳಗೇ ಉಳಿದುಬಂದಿತು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚುಹಾಕಿಸಿದರು. 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟು ತಾನು ಉದ್ಧರಿಸಿದ ಪ್ರಯೋಗಗಳ ಆಕರಗಳನ್ನು ಸಂಕ್ಷೇಪಾಕ್ಷರಗಳಲ್ಲಿ ಸೂಚಿಸಿತು.

ಆದರೆ ಬಿಜೂರಿನ ಗದ್ದೆಯಲ್ಲಿ ನಟ್ಟಿಯ ಪದ ಹೇಳಿದ ತಾಯಿಗೆ ಅಂಕಿತವಿಲ್ಲ. ಸಂಶೋಧಕನು ‘ಜನಪದ ಗೀತೆ’ ಎಂದಷ್ಟೇ ಬರೆದರೆ ಆಕೆ ಚರಿತ್ರೆಯಿಂದಲೇ ಅಳಿಸಿಹೋಗುತ್ತಾಳೆ. ಆದುದರಿಂದ ಆಕೆಯ ಒಪ್ಪಿಗೆ ಪಡೆದು ಹೆಸರು, ಊರು, ಹಾಡಿದ ದಿನ, ಸಂಗ್ರಾಹಕರ ಹೆಸರು ಇವಿಷ್ಟನ್ನೂ ದಾಖಲಿಸಬೇಕು. ಅಚ್ಚಾದ ಗೀತೆಯಾದರೆ ಕವಿ, ಸಂಕಲನ, ಪ್ರಕಾಶಕರು, ವರ್ಷ, ಪುಟ. ಧ್ವನಿಮುದ್ರಣವಾದರೆ ಕವಿ, ರಾಗಸಂಯೋಜಕ, ಗಾಯಕರನ್ನು ಬೇರೆಬೇರೆಯಾಗಿ ಹೆಸರಿಸಬೇಕು. ಹಾಡಿದವರೇ ಬರೆದವರೆಂದು ಭಾವಿಸಲಾಗದು. ಪಾಠಾಂತರಗಳಿದ್ದರೆ ಯಾವ ಪಾಠವೆಂಬುದನ್ನೂ ತಿಳಿಸಬೇಕು.

ನಮ್ಮ ದೇವಾಲಯಗಳ ಎಷ್ಟೋ ಗೀತಪುಸ್ತಿಕೆಗಳಲ್ಲಿಯೂ ರಚನಕಾರರ ಹೆಸರಿಲ್ಲ. ಆ ಹಾಡುಗಳಿಂದಲೇ ನಾವು ಪ್ರತಿ ಭಾನುವಾರ ಪ್ರಾರ್ಥಿಸುತ್ತೇವೆ. ಪರರ ಸೊತ್ತನ್ನು ಅಪಹರಿಸದಿರೆಂಬ ಏಳನೆಯ ಆಜ್ಞೆ ಹಣಕ್ಕೆ ಮಾತ್ರವಲ್ಲ, ಹೆಸರಿಗೂ ಅನ್ವಯಿಸುತ್ತದೆ. ಅವರು ಬದುಕಿರುವಾಗಲೇ ಕೇಳಿ ಬರೆದಿಡೋಣ.