ಇಳಿಜಾರಿನ ಮನೆಗೆ ಮುಖ ಯಾವ ಕಡೆ?

ಗುಡ್ಡದ ಮೇಲೆ ನಿವೇಶನ ಕೊಂಡವರಿಗೆ ಮೊದಲು ಕಾಡುವ ಚಿಂತೆ, ಮನೆ ರಸ್ತೆಗೆ ಹೇಗೆ ಕಾಣುತ್ತದೆ ಎಂಬುದು. ರಸ್ತೆ ಕೆಳಗಿದ್ದರೆ ಮನೆಗಿಂತ ಮೊದಲು ಅಡಿಪಾಯವೇ ಕಣ್ಣಿಗೆ ಬೀಳುತ್ತದೆ. ಮೇಲಿದ್ದರೆ ಬರೀ ಮಾಡು ಕಾಣುತ್ತದೆ. ಎರಡಕ್ಕೂ ಈಗ ಎಲ್ಲರೂ ಕಂಡುಕೊಂಡಿರುವ ಉಪಾಯ ಒಂದೇ: ಜೆಸಿಬಿ ತರಿಸಿ ಧರೆಯನ್ನು ನೇರವಾಗಿ ಕಡಿಸುವುದು, ನೆಲವನ್ನು ರಸ್ತೆಯ ಮಟ್ಟಕ್ಕೆ ತರುವುದು, ಹಿಂದೆ ಕಾಂಕ್ರೀಟು ಗೋಡೆ ಎಬ್ಬಿಸುವುದು. ಜೆಸಿಬಿ ಇಲ್ಲದ ಕಾಲದಲ್ಲೂ ಗುಡ್ಡದ ಮೇಲೆ ಮನೆಗಳಿದ್ದವು, ಅವುಗಳಿಗೂ ಅಂದಚೆಂದದ ಮುಖವಿತ್ತು. ಕೊಡಗಿನ ಐನ್‌ಮನೆಗಳನ್ನೇ ನೋಡಬಹುದು.

ಐನ್‌ಮನೆ ಎಂದರೆ ಕೊಡವರ ಒಂದು ಒಕ್ಕಕ್ಕೆ, ಅಂದರೆ ಒಬ್ಬ ಮೂಲಪುರುಷನಿಂದ ಬೆಳೆದ ಕುಟುಂಬಕ್ಕೆ, ಸೇರಿದ ಹಿರಿಯರ ಮನೆ. ಒಕ್ಕದವರು ಈಗ ಬೆಂಗಳೂರಿನಲ್ಲಿರಲಿ, ದುಬೈನಲ್ಲಿರಲಿ, ಐನ್‌ಮನೆ ಒಂದೇ. ಅದು ಸಾಮಾನ್ಯವಾಗಿ ಬಯಲ ಗದ್ದೆಗಳ ಅಂಚಿನಲ್ಲಿ, ಗುಡ್ಡ ಏರತೊಡಗುವ ಕಡೆ, ಗದ್ದೆಗಿಂತ ತುಸು ಎತ್ತರದಲ್ಲಿ ಇರುತ್ತದೆ. ನೀರು ನಿಲ್ಲುವ ಗದ್ದೆಯನ್ನು ಮನೆಗಾಗಿ ಹಾಳುಮಾಡುವಂತಿರಲಿಲ್ಲ. ಗುಡ್ಡದ ನೆತ್ತಿ ಗಾಳಿಮಳೆಗೆ ಒಡ್ಡಿಕೊಂಡ ಜಾಗ. ಉಳಿದದ್ದು ನಡುವಿನ ಇಳಿಜಾರು.

ಇಂಥ ಮನೆಯ ಶೋಭೆ ಶುರುವಾಗುವುದು ಬಾಗಿಲಿನಿಂದಲ್ಲ, ಬಹಳ ಕೆಳಗಿನ ಓಣಿಯಿಂದ. ಎರಡೂ ಬದಿ ಎತ್ತರದ ದಿಬ್ಬ, ನಡುವೆ ಇಕ್ಕಟ್ಟಾದ ದಾರಿ. ಅದು ಮನೆಗೆ ನೇರ ಹೋಗುವುದಿಲ್ಲ, ಬಳಸಿಕೊಂಡು ಏರುತ್ತದೆ. ಶತ್ರುಗಳು ಒಮ್ಮೆಲೇ ಮೇಲೆ ನುಗ್ಗದಿರಲೆಂದು ಹೀಗೆ ಮಾಡಿದರು ಎಂದು ಹೇಳುವುದುಂಟು. ಪಾಳೆಯಗಾರರ ಕಾಲದ ನಾಡಿನಲ್ಲಿ ಅದು ನಂಬತಕ್ಕ ಮಾತೇ. ಆದರೆ ಇದರಲ್ಲಿ ಸರಳವಾದ ಒಂದು ಲೆಕ್ಕವೂ ಇದೆ. ಹತ್ತು ಮೀಟರು ಎತ್ತರವನ್ನು ಮೂವತ್ತು ಮೀಟರಿನ ನೇರ ದಾರಿಯಲ್ಲಿ ಏರಿದರೆ ಮೂರು ಹೆಜ್ಜೆಗೆ ಒಂದು ಹೆಜ್ಜೆ ಎತ್ತರ. ತಲೆಯ ಮೇಲೆ ಹೊರೆ ಹೊತ್ತವರಿಗೆ ಅದು ಸುಲಭವಲ್ಲ. ಅದೇ ಎತ್ತರವನ್ನು ನೂರು ಮೀಟರು ಬಳಸಿ ಏರಿದರೆ ಹತ್ತಕ್ಕೆ ಒಂದು. ನೋಟಕ್ಕೂ ಇದರಿಂದ ಲಾಭ. ಓಣಿಯಲ್ಲಿ ನಡೆಯುವವನಿಗೆ ಮನೆ ಕಾಣುವುದೇ ಇಲ್ಲ. ಕೊನೆಯ ತಿರುವು ದಾಟಿ ಕಲ್ಲಿನ ಮೆಟ್ಟಿಲು ಹತ್ತಿ ಅಂಗಳಕ್ಕೆ ಬಂದಾಗ ಇಡೀ ಮನೆ ಒಮ್ಮೆಲೇ ಎದುರಾಗುತ್ತದೆ.

ಅಂಗಳದಿಂದ ಮತ್ತೆ ಕೆಲವು ಮೆಟ್ಟಿಲು. ಮೇಲೆ ಕೈಯಾಲೆ ಎಂಬ ಜಗುಲಿ, ಅದರ ಉದ್ದಕ್ಕೂ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಐಮರ ಎಂಬ ದಪ್ಪ ಹಲಗೆಗಳು. ಹಿರಿಯರು ಕೂರುವುದು ಅಲ್ಲಿ. ಕೆತ್ತನೆಯೆಲ್ಲ ಇಲ್ಲೇ ತುಂಬಿಕೊಂಡಿರುತ್ತದೆ: ಕಂಬಗಳಲ್ಲಿ, ಬಾಗಿಲುವಾಡದಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ. ಕೆಳಗಿನಿಂದ ಬರುವವನ ಕಣ್ಣು ಮೊದಲು ನಿಲ್ಲುವ ಎತ್ತರದಲ್ಲೇ ಬಡಗಿ ತನ್ನ ಕೈಚಳಕವನ್ನು ಖರ್ಚು ಮಾಡಿದ್ದಾನೆ. ಹಿಂಗೋಡೆಗೆ ಯಾರೂ ಕೆತ್ತನೆ ಮಾಡಿಸಲಿಲ್ಲ.

ಈ ಮುಖ ಯಾರಿಗಾಗಿ ಎಂಬುದು ಪುತ್ತರಿ ಹಬ್ಬದ ರಾತ್ರಿ ಗೊತ್ತಾಗುತ್ತದೆ. ಒಕ್ಕದವರೆಲ್ಲ ಐನ್‌ಮನೆಯಿಂದ ಗದ್ದೆಗೆ ಇಳಿದು, ಹೊಸ ಕದಿರು ಕೊಯ್ದು, ಅದನ್ನು ಹೊತ್ತು ಮೆರವಣಿಗೆಯಲ್ಲಿ ಮನೆಗೆ ಏರಿ ಬರುತ್ತಾರೆ. ಮನೆ ಮುಖ ಮಾಡಿರುವುದು ತನ್ನ ಅನ್ನದ ಕಡೆಗೆ. ಪೂರ್ವಕ್ಕೆ ಮುಖವಿರಬೇಕೆಂಬ ರೂಢಿಯೂ ಜೊತೆಗಿದೆ. ರಸ್ತೆ ಎಂಬುದು ಈ ಲೆಕ್ಕದಲ್ಲೇ ಇರಲಿಲ್ಲ.

ಅದು ಬಂದದ್ದು ಆಮೇಲೆ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1854ರಲ್ಲಿ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ ಆಯಿತು. ಕಾಫಿ ಸಾಗಿಸಲು ಗಾಡಿ ರಸ್ತೆಗಳು ಬೇಕಾದವು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡುಗಳ ಜಾಗಕ್ಕೆ ಕ್ರಮೇಣ ಕೆಂಪು ಹೆಂಚು ಬಂತು. ಆಸ್ತಿ ಹಂಚಿಕೆಯಾದಂತೆ ಒಕ್ಕದ ಒಬ್ಬೊಬ್ಬರು ತಮ್ಮ ತೋಟದಲ್ಲಿ ಬೇರೆ ಮನೆ ಕಟ್ಟಿದರು, ಅವುಗಳಲ್ಲಿ ಬಹಳಷ್ಟು ರಸ್ತೆಯ ಕಡೆ ತಿರುಗಿದವು. ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಅಕ್ಕಿಗಿಂತ ಹಣ ಮುಖ್ಯವಾದಾಗ, ಹಣ ಬರುವ ದಾರಿಯ ಕಡೆ ಮನೆ ನೋಡಿತು, ಅಷ್ಟೆ.

ತೊಂದರೆ ಇರುವುದು ಮನೆಯ ಜೊತೆಗೆ ಗುಡ್ಡವನ್ನೂ ರಸ್ತೆಗೆ ತಿರುಗಿಸಲು ಹೊರಟದ್ದರಲ್ಲಿ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ನೀರು ಮಣ್ಣಿನೊಳಗೆ ಇಳಿದು ಎಲ್ಲಾದರೂ ಹೊರಬರಲೇಬೇಕು. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹಳೆಯ ಕಟ್ಟೆಗಳ ಸಂದುಗಳಲ್ಲಿ ಅದು ಸೋರಿ ಹೋಗುತ್ತದೆ. ನೀರು ಹೋಗಲು ಕಂಡಿ ಬಿಡದ ಕಾಂಕ್ರೀಟು ಗೋಡೆಯ ಹಿಂದೆ ಅದೇ ನೀರು ನಿಂತು, ಮಣ್ಣಿನ ಭಾರಕ್ಕೆ ತನ್ನ ಭಾರವನ್ನೂ ಸೇರಿಸಿ ಗೋಡೆಯನ್ನು ನೂಕುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಕುಸಿದು ಜನ ಸತ್ತರು, ಮನೆಗಳು ಹೂತುಹೋದವು. ಅಂದಿನ ಮಳೆ ಅಸಾಧಾರಣವಾಗಿತ್ತು, ನಿಜ. ಆದರೂ ಪರಿಶೀಲಿಸಲು ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಮನೆಗೂ ರಸ್ತೆಗೂ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಎತ್ತಿ ಹೇಳಿದರು.

ಹಿರಿಯರು ಎಲ್ಲವನ್ನೂ ಬಲ್ಲವರಾಗಿದ್ದರು ಎಂದು ಹಾಡಿ ಹೊಗಳುವುದು ಸುಲಭ. ಅವರಿಗೆ ಜಾಗ ಆರಿಸುವ ಸ್ವಾತಂತ್ರ್ಯವಿತ್ತು. ಮೂವತ್ತು–ನಲವತ್ತರ ನಿವೇಶನಕ್ಕೆ ಸಾಲ ಮಾಡಿದವನಿಗೆ ಅದಿಲ್ಲ, ಓಣಿ ಬಳಸಿಕೊಂಡು ಬರಲು ಅವನಲ್ಲಿ ನೂರು ಮೀಟರೂ ಇಲ್ಲ. ಆದರೂ ಅಷ್ಟರಲ್ಲೇ ಆಗುವ ಕೆಲಸವಿದೆ. ಒಂದೇ ದೊಡ್ಡ ಧರೆಯ ಬದಲು ಎರಡು ಮೂರು ಗಿಡ್ಡ ಕಟ್ಟೆಗಳು, ಗೇಟಿನಿಂದ ಬಾಗಿಲಿಗೆ ನೇರ ಏಣಿಯಂತಿರುವ ಮೆಟ್ಟಿಲಿನ ಬದಲು ನಡುವೆ ಒಮ್ಮೆ ತಿರುಗಿ ನಿಲ್ಲುವ ಮೆಟ್ಟಿಲು, ಕಟ್ಟೆಗಳ ಮೇಲೆ ಬೇರು ಬಿಡುವ ಗಿಡ. ರಸ್ತೆಯಲ್ಲಿ ಹೋಗುವವರು ಆಗ ಅಡಿಪಾಯವನ್ನಲ್ಲ, ಹಸಿರನ್ನು ನೋಡುತ್ತಾರೆ.

ಹಲವು ಐನ್‌ಮನೆಗಳಿಗೆ ಈಗ ಪಕ್ಕದಿಂದಲೋ ಹಿಂದಿನಿಂದಲೋ ಜೀಪಿನ ದಾರಿ ಆಗಿದೆ. ಅಂಥ ಕಡೆ ನೆಂಟರು ಇಳಿಯುವುದು ಅಡುಗೆಮನೆಯ ಮಗ್ಗುಲಲ್ಲಿ. ಓಣಿಯಲ್ಲಿ ಹುಲ್ಲು ಬೆಳೆದಿರುತ್ತದೆ. ಪುತ್ತರಿ ಹತ್ತಿರ ಬಂದಾಗ ಮಾತ್ರ ಯಾರಾದರೂ ಕತ್ತಿ ಹಿಡಿದು ಅದನ್ನು ಸವರಿ ಚೊಕ್ಕಟ ಮಾಡುತ್ತಾರೆ. ಕದಿರು ಗದ್ದೆಯಿಂದ ಜೀಪಿನಲ್ಲಿ ಬರುವಂತಿಲ್ಲವಲ್ಲ.