ಬಳ್ಳಾರಿ ಜಾಲಿ: ಸರ್ಕಾರವೇ ನೆಟ್ಟು ಬೆಳೆಸಿದ ಮರ ಈಗ ಕಡಿದರೂ ಹೋಗುತ್ತಿಲ್ಲ ಏಕೆ?

ಮುಂಬೈನಿಂದ ಚೆನ್ನೈಗೆ ರೈಲಿನಲ್ಲಿ ಹೊರಟವರಿಗೆ ಸೊಲ್ಲಾಪುರ ದಾಟಿದ ಮೇಲೆ ಕಿಟಕಿಯಾಚೆ ಒಂದೇ ಬಗೆಯ ಮುಳ್ಳುಪೊದೆ ಜೊತೆಯಾಗುತ್ತದೆ. ಕಲಬುರಗಿ, ರಾಯಚೂರು, ಗುಂತಕಲ್, ಕಡಪ ದಾಟಿದರೂ ಅದು ಬೆನ್ನು ಬಿಡುವುದಿಲ್ಲ. ಹೈದರಾಬಾದ್ ಹೊರವಲಯದ ಖಾಲಿ ಜಾಗಗಳಲ್ಲಿ ಅದೇ, ದೆಹಲಿಯ ರಿಡ್ಜ್ ಕಾಡಿನಲ್ಲಿ ಅದೇ, ತಮಿಳುನಾಡಿನ ರಾಮನಾಥಪುರದ ಬತ್ತಿದ ಕೆರೆಗಳಲ್ಲೂ ಅದೇ. ಕನ್ನಡಿಗರು ಇದನ್ನು ಬಳ್ಳಾರಿ ಜಾಲಿ ಎನ್ನುತ್ತಾರೆ. ಆದರೆ ಬಳ್ಳಾರಿಗೂ ಈ ಮರದ ಹುಟ್ಟಿಗೂ ಯಾವ ನಂಟೂ ಇಲ್ಲ. ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪ್ರೊಸೊಪಿಸ್ ಜೂಲಿಫ್ಲೋರಾ.

ಈ ಮರದ ಚರಿತ್ರೆ ತಿಳಿಯಲು ಬೇರೆ ಬೇರೆ ಭಾಷೆಯವರು ಅದಕ್ಕೆ ಇಟ್ಟ ಹೆಸರುಗಳನ್ನು ಕೇಳಿದರೆ ಸಾಕು. ಹಿಂದಿಯವರಿಗೆ ಇದು 'ವಿಲಾಯತಿ ಕೀಕರ್', ತಮಿಳರಿಗೆ 'ಸೀಮೈ ಕರುವೇಲಂ'. ಎರಡರ ಅರ್ಥವೂ ಸೀಮೆಯಿಂದ ಬಂದ ಜಾಲಿ ಎಂದೇ. ತೆಲುಗರು 'ಸರ್ಕಾರು ತುಮ್ಮ' ಎಂದು ಕರೆದು, ತಂದವರು ಯಾರು ಎಂಬುದನ್ನೂ ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಗುಜರಾತಿನ 'ಗಾಂಡೊ ಬಾವಳ್' ಮತ್ತು ಮರಾಠಿಯ 'ವೇಡಿ ಬಾಭೂಳ್' ಎರಡಕ್ಕೂ ಅರ್ಥ ಹುಚ್ಚು ಜಾಲಿ.

ಬಂದದ್ದು ಹೇಗೆ?

ಹಡಗಿನ ಸರಕಿನಲ್ಲಿ ಅಡಗಿಯೋ ಆಮದು ಧಾನ್ಯದಲ್ಲಿ ಬೆರೆತೋ ಬಂದ ಕಳೆ ಇದಲ್ಲ. ಅರ್ಜಿ ಹಾಕಿ ತರಿಸಿಕೊಂಡ ಮರ. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಲೆಫ್ಟಿನೆಂಟ್ ಕರ್ನಲ್ ಬೆಡ್ಡೋಮ್ 1876ರಲ್ಲಿ ಇದರ ಬೀಜ ಬೇಕೆಂದು ಸರ್ಕಾರಕ್ಕೆ ಬರೆದರು. ಮರುವರ್ಷ ಜಮೈಕಾದ ಬೀಜ ಬಂತು. ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಅದನ್ನು ಬಿತ್ತಲಾಯಿತು. ಅದು ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಕಾಡುತ್ತಿದ್ದ ಕಾಲ. ಹಳೆಯ ಮೈಸೂರು ಸೀಮೆಯವರು ಧಾತು ಈಶ್ವರ ಬರ ಎಂದು ನೆನೆಯುವುದು ಅದನ್ನೇ. ಒಣ ನೆಲದಲ್ಲಿ, ನೀರು ಹಾಕದೆ, ಬೇಗ ಬೆಳೆದು ಸೌದೆ ಕೊಡುವ ಮರವೊಂದು ಸಿಕ್ಕರೆ ಯಾವ ಅಧಿಕಾರಿಗೆ ತಾನೇ ಬೇಡ? ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಕಡಪ ಅಲ್ಲಿಂದ ದೂರವೇನಲ್ಲ.

ಆ ಬಳಿಕ ಹಲವರು ಇದನ್ನು ನೆಟ್ಟರು. ಜೋಧಪುರ ಸಂಸ್ಥಾನ 1940ರಲ್ಲಿ ಇದಕ್ಕೆ 'ರಾಜವೃಕ್ಷ'ದ ಪಟ್ಟವನ್ನೇ ಕಟ್ಟಿ, ಪ್ರಜೆಗಳು ಕಾಪಾಡಬೇಕೆಂದು ಸೂಚಿಸಿತ್ತು. ರಾಜಧಾನಿ ಕಲ್ಕತ್ತಾದಿಂದ ದೆಹಲಿಗೆ ಬಂದ ಮೇಲೆ ಬೋಳಾಗಿದ್ದ ರಿಡ್ಜ್ ಗುಡ್ಡವನ್ನು ಹಸಿರು ಮಾಡಲು ಬ್ರಿಟಿಷರು ಆರಿಸಿಕೊಂಡದ್ದೂ ಇದನ್ನೇ. ಸ್ವಾತಂತ್ರ್ಯಾನಂತರವೂ ಈ ಮೋಹ ಇಳಿಯಲಿಲ್ಲ. 1960-61ರಲ್ಲಿ ಕಛ್‌ನ ರಣ್ ಮರುಭೂಮಿ ಮುಂದಕ್ಕೆ ಚಾಚದಂತೆ ತಡೆಯಲು ಬನ್ನಿ ಹುಲ್ಲುಗಾವಲಿನ ಸುಮಾರು 31,500 ಹೆಕ್ಟೇರ್‌ನಲ್ಲಿ ಅರಣ್ಯ ಇಲಾಖೆ ಇದನ್ನು ಬೆಳೆಸಿತು.

ಹೊರಗಿನಿಂದ ಬಂದದ್ದೆಲ್ಲ ಆಕ್ರಮಣಕಾರಿಯೇ?

ಅಲ್ಲ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ ಎಲ್ಲವೂ ಇದೇ ಅಮೆರಿಕ ಖಂಡಗಳಿಂದ ಬಂದವು. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಪರದೇಶಿಗಳೇ. ಆದರೆ ರೈತ ಬಿತ್ತದಿದ್ದರೆ ಅವು ಮುಂದಿನ ವರ್ಷ ಹೊಲದಲ್ಲಿ ಇರುವುದಿಲ್ಲ. ಮನುಷ್ಯನ ನೆರವಿಲ್ಲದೆ ತಾನೇ ಹರಡಿ, ಮೊದಲಿದ್ದ ಸಸ್ಯ, ಪ್ರಾಣಿ, ಬದುಕುಗಳಿಗೆ ಹಾನಿ ಮಾಡುವಂಥದ್ದನ್ನು ಮಾತ್ರ ತಜ್ಞರು ಆಕ್ರಮಣಕಾರಿ ಪ್ರಭೇದ ಎನ್ನುತ್ತಾರೆ. ಜೀವವೈವಿಧ್ಯ ಕುರಿತ ಅಂತರ ಸರ್ಕಾರಿ ವೇದಿಕೆ ಐಪಿಬಿಇಎಸ್ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮನುಷ್ಯನಿಂದಾಗಿ ಹೊಸ ಜಾಗಗಳಲ್ಲಿ ನೆಲೆಯೂರಿರುವ ಪ್ರಭೇದಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಆಕ್ರಮಣಕಾರಿಯಾದವು ಸುಮಾರು 3,500. ಅಂದರೆ ಹತ್ತರಲ್ಲಿ ಒಂದು. ಆ ಒಂದರಿಂದ ಆಗುವ ನಷ್ಟವನ್ನು ವರದಿ ವರ್ಷಕ್ಕೆ 423 ಬಿಲಿಯನ್ ಡಾಲರ್‌ಗೂ ಹೆಚ್ಚು ಎಂದು ಅಂದಾಜಿಸಿದೆ. ಭೂಮಿಯಿಂದ ಕಣ್ಮರೆಯಾದ ಪ್ರಭೇದಗಳಲ್ಲಿ ಶೇ. 60ರಷ್ಟರ ಅಳಿವಿನಲ್ಲಿ ಇಂಥ ಅತಿಕ್ರಮಣದ ಪಾತ್ರವಿದೆ ಎಂದೂ ಅದು ಹೇಳುತ್ತದೆ.

ಹರಡುವುದು ಹೇಗೆ?

ಬಳ್ಳಾರಿ ಜಾಲಿಯ ಯಶಸ್ಸಿನ ಗುಟ್ಟು ಅದರ ಕಾಯಿಯಲ್ಲಿದೆ. ಹಣ್ಣಾದ ಕಾಯಿ ಸಿಹಿ. ಬೇಸಿಗೆಯಲ್ಲಿ ಬೇರೇನೂ ಮೇವು ಇಲ್ಲದಾಗ ಕುರಿ, ಮೇಕೆ, ದನಗಳು ಉದುರಿದ ಕಾಯಿಗಳನ್ನು ಹುಡುಕಿ ತಿನ್ನುತ್ತವೆ. ಒಳಗಿನ ಬೀಜ ಮಾತ್ರ ಗಟ್ಟಿ, ಜೀರ್ಣವಾಗದು. ಹೊಟ್ಟೆಯೊಳಗೆ ಹಾದುಹೋಗುವಾಗ ಸಿಪ್ಪೆ ಮೆದುವಾಗಿ ಮೊಳಕೆಗೆ ಅನುಕೂಲವೇ ಆಗುತ್ತದೆ. ಮೈಲುಗಟ್ಟಲೆ ದೂರದಲ್ಲಿ ಹಿಕ್ಕೆ ಅಥವಾ ಸಗಣಿಯ ಜೊತೆ ಬೀಜ ನೆಲಕ್ಕೆ ಬೀಳುತ್ತದೆ, ಗೊಬ್ಬರ ಸಮೇತ. ಕಛ್‌ನಲ್ಲಿ ಸಾಕುಪ್ರಾಣಿಗಳಷ್ಟೇ ಅಲ್ಲ, ಅಪರೂಪದ ಕಾಡುಕತ್ತೆಗಳೂ ಈ ಕೆಲಸ ಮಾಡುತ್ತಿವೆ.

ಆದರೆ ಅವೇ ಪ್ರಾಣಿಗಳು ಎಲೆಯನ್ನು ಮೂಸಿ ನೋಡಿ ಬಿಡುತ್ತವೆ. ಎಲೆಯ ರುಚಿ ಹಿಡಿಸುವುದಿಲ್ಲ. ಪಕ್ಕದಲ್ಲಿ ಮೊಳೆತ ನಾಡಿನ ಗಿಡವನ್ನು ಮೇಕೆ ಮುಗಿಸುತ್ತದೆ, ಜಾಲಿ ಸಸಿ ಉಳಿಯುತ್ತದೆ. ಒಣ ಸೀಮೆಯ ಗೋಮಾಳಗಳು ಜಾಲಿಮಯವಾಗಿದ್ದು ಹೀಗೆ.

ಮೂರನೆಯದು ಬೇರು. ಇದೇ ಗುಂಪಿನ ಮರವೊಂದರ ಬೇರು ಅಮೆರಿಕದ ಅರಿಜೋನಾದ ಗಣಿಯಲ್ಲಿ 50 ಮೀಟರ್‌ಗೂ ಹೆಚ್ಚು ಆಳದಲ್ಲಿ ಸಿಕ್ಕ ದಾಖಲೆ ಇದೆ. ಸುತ್ತಲಿನ ಹುಲ್ಲು ಸುಟ್ಟುಹೋದ ಮೇ ತಿಂಗಳಲ್ಲೂ ಬಳ್ಳಾರಿ ಜಾಲಿ ಹಸಿರಾಗಿಯೇ ಇರುವುದಕ್ಕೆ ಇದು ಕಾರಣ. ಎಲೆಗಳಿಂದ ಸೇರುವ ರಾಸಾಯನಿಕಗಳು ಬುಡದಲ್ಲಿ ಬೇರೆ ಗಿಡದ ಮೊಳಕೆಯನ್ನು ತಡೆಯುತ್ತವೆ.

ಅಂದಹಾಗೆ, ಈ ಮರ ಗಾಳಿಯ ತೇವವನ್ನೆಲ್ಲ ಹೀರಿ ಮಳೆಯನ್ನೇ ಓಡಿಸುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ನಿಜವಾದ ಹಾನಿಯೇ ಸಾಕಷ್ಟಿರುವಾಗ ಕಟ್ಟುಕತೆಯ ಅಗತ್ಯವೂ ಇಲ್ಲ.

ಹುಲ್ಲು ಹೋದ ಮೇಲೆ

ಬನ್ನಿ ಹುಲ್ಲುಗಾವಲು ಸುಮಾರು 2,500 ಚದರ ಕಿ.ಮೀ. ವಿಸ್ತಾರದ್ದು. ಏಷ್ಯಾದ ದೊಡ್ಡ ಹುಲ್ಲುಗಾವಲುಗಳಲ್ಲಿ ಒಂದೆಂದು ಹೆಸರಾಗಿತ್ತು. ಅಲ್ಲಿನ ಮಾಲ್ಧಾರಿ ಪಶುಪಾಲಕರು ತಲೆಮಾರುಗಳಿಂದ ಕಾಂಕ್ರೇಜ್ ಹಸು, ಎತ್ತುಗಳನ್ನು ಸಾಕಿ ಮಾರಿ ಬದುಕಿದವರು. ಅರಣ್ಯ ಇಲಾಖೆ ನೆಟ್ಟ ಜಾಲಿ ಅಂಚಿನಿಂದ ಒಳಕ್ಕೆ ನುಗ್ಗಿತು. ಹುಲ್ಲು ಕಡಿಮೆಯಾಗಿ ಹಸುಗಳು ಕಾಯಿಯನ್ನೇ ಹೆಚ್ಚಾಗಿ ತಿನ್ನತೊಡಗಿದವು, ಕಾಯಿಲೆ ಬಿದ್ದವು. ಹಲವರು ಹಸು ಬಿಟ್ಟು ಎಮ್ಮೆಗೆ ಬದಲಾದರು. ಕೆಲವರು ಅದೇ ಜಾಲಿಯನ್ನು ಕಡಿದು ಇದ್ದಿಲು ಸುಡುವ ಕೆಲಸಕ್ಕಿಳಿದರು. ದನ ಕಾಯುತ್ತಿದ್ದವರು ಇದ್ದಿಲು ಸುಡುವವರಾದರು ಎಂಬ ಒಂದು ಸಾಲಿನಲ್ಲಿ ಒಂದು ಊರಿನ ಆರ್ಥಿಕತೆಯೇ ತಲೆಕೆಳಗಾದ ಕತೆಯಿದೆ.

ತಮಿಳುನಾಡಿನ ಕೋಡಿಯಕ್ಕರೈ ಅಭಯಾರಣ್ಯದಲ್ಲಿ ಕೃಷ್ಣಮೃಗಗಳು ಮೇಯುವ ಬಯಲನ್ನು ಇದು ಮುತ್ತಿದೆ. ಕೋಲಾರದಂಥ ಜಿಲ್ಲೆಗಳಲ್ಲಿ ಕೆರೆ ಅಂಗಳಗಳನ್ನು ಹಿಡಿದು, ಹೂಳೆತ್ತುವ ಮೊದಲು ಜಾಲಿ ಕೀಳುವುದೇ ದೊಡ್ಡ ಕೆಲಸವಾಗಿದೆ.

ಕೀನ್ಯಾದಲ್ಲಿ ನಡೆದದ್ದು ಇನ್ನೂ ವಿಚಿತ್ರ. 1980ರ ದಶಕದಲ್ಲಿ ಬರಿಂಗೊ ಸರೋವರದ ಸುತ್ತ ಸೌದೆಗಾಗಿ ಇದನ್ನು ನೆಡಲಾಯಿತು. ಸಕ್ಕರೆ ಅಂಶ ತುಂಬಿದ ಕಾಯಿ ತಿಂದು ತಿಂದು ಮೇಕೆಗಳ ಹಲ್ಲು ಕೊಳೆತು ಉದುರಿದವು. ಹಲ್ಲಿಲ್ಲದ ಮೇಕೆ ಮೇಯಲಾಗದೆ ಸಾಯುತ್ತದೆ. 2006ರಲ್ಲಿ ಅಲ್ಲಿನ ಇಲ್‌ಚಾಮುಸ್ ಸಮುದಾಯ ಸರ್ಕಾರದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಸಾಕ್ಷ್ಯವಾಗಿ ಹಲ್ಲುದುರಿದ ಮೇಕೆಯೊಂದನ್ನೇ ಕರೆದೊಯ್ದಿತ್ತು.

ಆರೋಗ್ಯದ ಮೇಲಿನ ಪರಿಣಾಮವೂ ಬೆಳಕಿಗೆ ಬರುತ್ತಿದೆ. ಸೊಳ್ಳೆಗಳಿಗೆ ರಕ್ತದ ಜೊತೆ ಹೂವಿನ ಮಕರಂದವೂ ಬೇಕು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಹಳ್ಳಿಗಳಲ್ಲಿ ಈ ಮರದ ಹೂಬಿಟ್ಟ ಕೊಂಬೆಗಳನ್ನು ಕತ್ತರಿಸಿ ಹಾಕಿದಾಗ ಮಲೇರಿಯಾ ಹರಡುವ ಸೊಳ್ಳೆಗಳ ಸಂಖ್ಯೆ ಗಣನೀಯವಾಗಿ ಇಳಿದದ್ದನ್ನು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಹಾಗಾದರೆ ಕಡಿದು ಹಾಕಬಾರದೇಕೆ?

ಕಡಿಯುವುದು ಸುಲಭ, ತೊಲಗಿಸುವುದು ಕಷ್ಟ. ನೆಲಮಟ್ಟಕ್ಕೆ ಕತ್ತರಿಸಿದ ಬೊಡ್ಡೆಯಿಂದ ಒಂದರ ಬದಲು ನಾಲ್ಕಾರು ಚಿಗುರು ಎದ್ದು, ಮರವಿದ್ದ ಜಾಗದಲ್ಲಿ ದಾಟಲಾಗದ ಪೊದೆ ಬೆಳೆಯುತ್ತದೆ. ಬುಡಸಮೇತ ಕಿತ್ತರೂ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕುಳಿತ ಬೀಜಗಳು ಮುಂದಿನ ಮಳೆಗೆ ಮೊಳೆಯುತ್ತವೆ. ಒಮ್ಮೆ ಜೆಸಿಬಿ ತಂದು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮಗಳಿಂದ ಏನೂ ಆಗದು.

ಎರಡನೆಯ ಅಡ್ಡಿ ಹೊಟ್ಟೆಪಾಡಿನದು. ಒಣ ಜಿಲ್ಲೆಗಳ ಬಡ ಮನೆಗಳಲ್ಲಿ ಒಲೆ ಉರಿಯುವುದು ಇದೇ ಸೌದೆಯಿಂದ. ಹೊಲಕ್ಕೆ ಬೇಲಿ ಇದರದೇ. ರಾಮನಾಥಪುರ, ಶಿವಗಂಗೆ ಕಡೆ ಮಳೆ ಕೈಕೊಟ್ಟ ವರ್ಷ ಕುಟುಂಬಗಳನ್ನು ಸಾಕುವುದು ಇದರ ಇದ್ದಿಲು. 2017ರಲ್ಲಿ ಎಂಡಿಎಂಕೆ ನಾಯಕ ವೈಕೋ ಅವರ ಅರ್ಜಿಯೂ ಸೇರಿದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠ ಈ ಮರಗಳನ್ನು ತೆಗೆಯಲು ಆದೇಶಿಸಿತು. ಅದೇ ವರ್ಷ ಚೆನ್ನೈನಲ್ಲಿ ಹೈಕೋರ್ಟ್ ತೆರವಿಗೆ ಮಧ್ಯಂತರ ತಡೆ ನೀಡಿತು. 2022ರಲ್ಲಿ ತಮಿಳುನಾಡು ಸರ್ಕಾರ ಆಕ್ರಮಣಕಾರಿ ಸಸ್ಯಗಳ ಬಗ್ಗೆ ಪ್ರತ್ಯೇಕ ನೀತಿಯನ್ನೇ ಪ್ರಕಟಿಸಿತು.

ದಕ್ಷಿಣ ಆಫ್ರಿಕಾ 1987ರಲ್ಲಿ ಈ ಗುಂಪಿನ ಮರಗಳ ಮೇಲೆ ಅಮೆರಿಕದಿಂದ ತಂದ ದುಂಬಿಯನ್ನು ಬಿಟ್ಟಿತು. ಮರವನ್ನೇ ಕೊಲ್ಲುವ ಕೀಟ ತರಲು ಒಪ್ಪಿಗೆ ಇರಲಿಲ್ಲ. ಮರ ಬೇಕು, ಹರಡುವುದು ಬೇಡ ಎಂಬ ಲೆಕ್ಕಾಚಾರದಲ್ಲಿ ಬೀಜ ತಿನ್ನುವ ಕೀಟವನ್ನಷ್ಟೇ ಆರಿಸಲಾಯಿತು. ದುಂಬಿ ಬೀಜ ಮುಟ್ಟುವ ಮೊದಲೇ ಜಾನುವಾರುಗಳು ಕಾಯಿ ತಿಂದು ಮುಗಿಸುತ್ತಿದ್ದರಿಂದ ಫಲ ಅಷ್ಟಕ್ಕಷ್ಟೇ ಆಯಿತು.

ಭಾರತದಲ್ಲಿ ಸ್ವಲ್ಪ ಭರವಸೆ ಮೂಡಿಸಿರುವುದು ಎರಡು ಪ್ರಯತ್ನಗಳು. ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಸುತ್ತಲಿನ ಹಳ್ಳಿಗರಿಗೇ ತೆರವಿನ ಕೆಲಸ ವಹಿಸಿ, ಬುಡಸಮೇತ ಕಿತ್ತರೆ ಕಟ್ಟಿಗೆ ಅವರಿಗೇ ಎಂಬ ಒಪ್ಪಂದ ಮಾಡಿಕೊಳ್ಳಲಾಯಿತು. ದೆಹಲಿಯಲ್ಲಿ ಪ್ರೊ. ಸಿ.ಆರ್. ಬಾಬು ಅವರ ತಂಡದ್ದು ಬೇರೆ ದಾರಿ. ಮರವನ್ನು ಉರುಳಿಸದೆ ಕೆಳಗಿನ ಕೊಂಬೆಗಳನ್ನು ಮಾತ್ರ ಸವರಿ ಬೆಳಕು ನೆಲಕ್ಕೆ ಇಳಿಯುವಂತೆ ಮಾಡುತ್ತಾರೆ. ಆ ಬೆಳಕಿನಲ್ಲಿ ನಾಡಿನ ಸಸಿಗಳನ್ನು ನೆಡುತ್ತಾರೆ. ವರ್ಷಗಳಲ್ಲಿ ಅವು ಎತ್ತರಕ್ಕೆ ಬೆಳೆದು ಜಾಲಿಗೇ ನೆರಳು ಹಾಕುತ್ತವೆ. ಬಿಸಿಲು ಸಿಗದ ಜಾಲಿ ತಾನಾಗಿ ಸೊರಗುತ್ತದೆ. ನಿಧಾನದ ಕೆಲಸ, ಆದರೆ ಹಸಿರು ಒಂದು ದಿನವೂ ಮಾಯವಾಗುವುದಿಲ್ಲ.

ಗುರುತಿಸುವುದು ಹೇಗೆ?

ತೆರವಿನ ಉತ್ಸಾಹದಲ್ಲಿ ನಾಡಿನ ಮರಗಳಿಗೂ ಕೊಡಲಿ ಬೀಳುವ ಅಪಾಯವಿದೆ. ನಮ್ಮ ಕರಿಜಾಲಿಯ ಹೂವು ಉರುಟಾದ ಹಳದಿ ಚೆಂಡಿನಂತೆ. ಕಾಯಿ ಮಣಿಸರದಂತೆ ನಡುನಡುವೆ ಕಿರಿದಾಗಿ, ಬೂದು ಬಣ್ಣದ್ದಾಗಿರುತ್ತದೆ. ಬಳ್ಳಾರಿ ಜಾಲಿಯ ಹೂವು ಹಸಿರು-ಹಳದಿ ಬಣ್ಣದ ಉದ್ದನೆಯ ತೆನೆ. ಹಣ್ಣಾದ ಕಾಯಿ ಚಪ್ಪಟೆ, ಹಳದಿ.

ಇನ್ನು ವಿಜಯದಶಮಿಯಂದು ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುವ ಬನ್ನಿ ಮರ. ರಾಜಸ್ಥಾನದವರ ಖೇಜ್ಡಿ, ತೆಲಂಗಾಣದವರ ಜಮ್ಮಿ ಇದೇ. ಎರಡೂ ರಾಜ್ಯಗಳ ರಾಜ್ಯವೃಕ್ಷವೂ ಹೌದು. ಇದು ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿಯೆಂದು ಎರಡನ್ನೂ ಪ್ರೊಸೊಪಿಸ್ ಕುಲದಲ್ಲೇ ಇಡಲಾಗಿತ್ತು. ಬನ್ನಿಯ ಎಲೆಯನ್ನು ಮೇಕೆ, ಒಂಟೆ ಮೇಯುತ್ತವೆ. ಅದರ ಬುಡದಲ್ಲಿ ರೈತರು ಸಜ್ಜೆ ಬೆಳೆಯುತ್ತಾರೆ. 2022ರಲ್ಲಿ ಸಸ್ಯಶಾಸ್ತ್ರಜ್ಞರು ಈ ಕುಲವನ್ನು ಒಡೆದರು. ಬನ್ನಿ ಪ್ರೊಸೊಪಿಸ್ ಆಗಿಯೇ ಉಳಿಯಿತು, ಬಳ್ಳಾರಿ ಜಾಲಿಗೆ ನೆಲ್ಟುಮಾ ಜೂಲಿಫ್ಲೋರಾ ಎಂಬ ಹೊಸ ಹೆಸರು ಬಂತು.