ಯಾವ ವೆಂಕಟಪ್ಪ ನಾಯಕ?

ಬರ್ನೌಲಿ ಪ್ರಮೇಯವನ್ನು ಬೋಧಿಸುವಾಗ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳಿ ನೋಡಿ: ಯಾವ ಬರ್ನೌಲಿ? ದ್ರವಗಳ ಹರಿವನ್ನು ಕುರಿತ ಗ್ರಂಥವನ್ನು 1738ರಲ್ಲಿ ಪ್ರಕಟಿಸಿದವನು ಡೇನಿಯಲ್. ಸಂಭವನೀಯತೆಯಲ್ಲಿ ಬರುವ ಬೃಹತ್ ಸಂಖ್ಯೆಗಳ ನಿಯಮ ಅವನ ದೊಡ್ಡಪ್ಪ ಜೇಕಬನದು. ತಂದೆ ಯೋಹಾನನೂ ಹೆಸರಾಂತ ಗಣಿತಜ್ಞನೇ. ನಮ್ಮ ಅನೇಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಈ ಮೂವರೂ ಸೇರಿ ಒಬ್ಬನೇ ಆಗಿಬಿಟ್ಟಿರುತ್ತಾರೆ.

ಇಂಥದೇ ಗೊಂದಲ ಯಾದಗಿರಿ ಜಿಲ್ಲೆಯ ಸುರಪುರದ ಇತಿಹಾಸವನ್ನು ಓದುವಾಗಲೂ ಎದುರಾಗುತ್ತದೆ. ಅಲ್ಲಿ ಆಳಿದವರು ನಾಯಕರು. ‘ನಾಯಕ’ ಎಂಬುದು ಮೂಲತಃ ಮನೆತನದ ಹೆಸರಲ್ಲ, ಸೈನ್ಯದ ಹೊಣೆ ಹೊತ್ತವನ ಪದವಿ. ವಿಜಯನಗರ ಕಾಲದಲ್ಲಿ ಹಲವು ಕಡೆ ಅದು ವಂಶದ ಹೆಸರಾಗಿ ಉಳಿಯಿತು. ಹೀಗಾಗಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಯಲ್ಲಿ ಕಂಡ ವೆಂಕಟಪ್ಪ ನಾಯಕನಿಗೂ ಸುರಪುರದ ವೆಂಕಟಪ್ಪ ನಾಯಕನಿಗೂ ರಕ್ತಸಂಬಂಧವಿಲ್ಲ. ಮೊದಲನೆಯವನು ಕೆಳದಿಯ ಅರಸ. ಅವರದು ಬೇರೆಯೇ ಮನೆತನ.

ಒಂದೇ ಮನೆತನದೊಳಗೆ ಹೆಸರು ಮರುಕಳಿಸಿದಾಗ ತೊಡಕು ಇನ್ನೂ ಹೆಚ್ಚು. ಶಹಾಪುರದ ಬಳಿಯ ಸಗರ 1687ರಲ್ಲಿ ಮೊಗಲರ ವಶವಾದಾಗ ಅಲ್ಲಿದ್ದವನು ಪಾಮ ನಾಯಕ. ಅವನ ಉತ್ತರಾಧಿಕಾರಿ ಪಿಡ್ಡ ನಾಯಕ ವಾಗಣಗೇರಾ ಕೋಟೆಯನ್ನು ಬಲಪಡಿಸಿಕೊಂಡು ಮೊಗಲರಿಗೆ ಸವಾಲಾದ. 1705ರಲ್ಲಿ ಔರಂಗಜೇಬ್ ತನ್ನ ಎಂಬತ್ತಾರನೆಯ ವಯಸ್ಸಿನಲ್ಲಿ ಖುದ್ದಾಗಿ ಬಂದು ಮುತ್ತಿಗೆ ಹಾಕಬೇಕಾಯಿತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮುತ್ತಿಗೆ ನಡೆಯಿತು. ಕೋಟೆ ಸಿಕ್ಕಿತು, ಪಿಡ್ಡ ನಾಯಕ ಸಿಗಲಿಲ್ಲ. (ಜೇಕಬ್ ಬರ್ನೌಲಿ ತೀರಿಕೊಂಡದ್ದೂ ಅದೇ ವರ್ಷ. ಕಾಕತಾಳೀಯ, ಅಷ್ಟೆ, ಆದರೆ ಕಾಲವನ್ನು ನೆನಪಿಡಲು ಇಂಥ ಜೋಡಣೆಗಳು ನೆರವಾಗುತ್ತವೆ.)

ಈಗ ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆಯನ್ನು ತೆರೆಯಿರಿ. ಅದು 1877ರಲ್ಲಿ, ಅವನ ಮರಣಾನಂತರ ಪ್ರಕಟವಾಯಿತು. 1842ರಲ್ಲಿ ಅರಸ ಕೃಷ್ಣಪ್ಪ ನಾಯಕ ತೀರಿಕೊಂಡಾಗಿನ ಘಟನೆಗಳಲ್ಲಿ ಅವನ ಸೋದರ ಪಿಡ್ಡ ನಾಯಕ ಕಾಣಿಸಿಕೊಳ್ಳುತ್ತಾನೆ! ಗಾಬರಿ ಬೇಡ, ಕಳೆಯುವ ಲೆಕ್ಕ ಮಾಡಿ. ನಡುವಿನ ಅಂತರ 137 ವರ್ಷ. ಇಬ್ಬರೂ ಒಬ್ಬರೇ ಆಗಿರಲು ಸಾಧ್ಯವೇ ಇಲ್ಲ. ಪ್ರಯೋಗಶಾಲೆಯಲ್ಲಿ ಅಸಾಧ್ಯವಾದ ಅಳತೆಯನ್ನು ಮೊದಲೇ ಬದಿಗಿಡುತ್ತೇವಲ್ಲ, ಇಲ್ಲಿಯೂ ಹಾಗೆಯೇ. ತಂದೆ ಯಾರು, ಯಾವ ವರ್ಷ, ಯಾವ ಕೋಟೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಹೆಚ್ಚಿನ ಗೊಂದಲ ಕರಗುತ್ತದೆ.

ಕೃಷ್ಣಪ್ಪನ ಮಗನೇ 1858ರ ಬಂಡಾಯದ ವೆಂಕಟಪ್ಪ ನಾಯಕ. ತಂದೆ ಸತ್ತಾಗ ಅವನಿನ್ನೂ ಬಾಲಕ. ಟೇಲರ್ ಬ್ರಿಟಿಷ್ ಅಧಿಕಾರಿಯಾಗಿ ಸಂಸ್ಥಾನದ ಆಡಳಿತ ನೋಡಿಕೊಂಡ. 1853ರಲ್ಲಿ ಅಧಿಕಾರ ಯುವರಾಜನ ಕೈಗೆ ಬಂತು. 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಹೋರಾಡಿತು. ಹೈದರಾಬಾದಿನಲ್ಲಿ ಸೆರೆಯಾದ ಅರಸನಿಗೆ ವಿಧಿಸಿದ ಮರಣದಂಡನೆ ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕಿಳಿಯಿತು. ಚೆಂಗಲ್ಪಟ್ಟು ಕೋಟೆಗೆ ಒಯ್ಯುತ್ತಿದ್ದಾಗ ದಾರಿಯಲ್ಲೇ ಗುಂಡು ತಗಲಿ ಅವನು ಮೃತನಾದ. 1860ರ ಒಪ್ಪಂದದಂತೆ ಸುರಪುರ ನಿಜಾಮನಿಗೆ ಸೇರಿತು. ಹೆಸರು ಮಾತ್ರ ಅಲ್ಲಿಗೇ ಮುಗಿಯಲಿಲ್ಲ. 2013 ಮತ್ತು 2023ರಲ್ಲಿ ಸುರಪುರದಿಂದ ವಿಧಾನಸಭೆಗೆ ಆಯ್ಕೆಯಾಗಿ 2024ರ ಫೆಬ್ರವರಿಯಲ್ಲಿ ನಿಧನರಾದವರೂ ರಾಜಾ ವೆಂಕಟಪ್ಪ ನಾಯಕರೇ.

ಹೆಸರು ಹಿಡಿದು ಹುಡುಕುವುದರಲ್ಲಿ ಇನ್ನೊಂದು ಅಪಾಯವಿದೆ. 1840ರ ದಶಕದ ಸುರಪುರದಲ್ಲಿ ಟೇಲರನನ್ನು ಅತಿ ಹೆಚ್ಚು ಕಾಡಿದವಳು ಕೃಷ್ಣಪ್ಪನ ರಾಣಿ ಈಶ್ವರಮ್ಮ. ಅಧಿಕಾರಕ್ಕಾಗಿ ಅವಳು ನಡೆಸಿದ ಸೆಣಸಾಟಕ್ಕೆ ಅವನ ಪುಸ್ತಕದಲ್ಲಿ ಪುಟಗಟ್ಟಲೆ ಜಾಗವಿದೆ. ‘ನಾಯಕ’ ಎಂಬ ಪದವನ್ನಷ್ಟೇ ಹುಡುಕುತ್ತ ಹೋದವರಿಗೆ ಅವಳು ಸಿಗುವುದಿಲ್ಲ.